ಏರಿನಲ್ಲಿ ಉಸಿರು ಕಟ್ಟುವ ಲಾರಿ

ಲಾರಿ ನಿಂತುಬಿಡುತ್ತದೆ ಎಂದು ಸೋನಾವುಲ್ಲಾ ಹೇಳುತ್ತಲೇ ಇದ್ದ. ಆದರೆ ಹಾಗೆ ನಿಂತ ಲಾರಿಯನ್ನು ಊರಿನಲ್ಲಿ ಅವನ ಹೊರತು ಇನ್ನೊಬ್ಬರು ಕಣ್ಣಾರೆ ಕಂಡಿರಲಿಲ್ಲ. ಹೀಗಾಗಿ ಅವನ ಮಾತನ್ನು ನಂಬುವವರು ಒಬ್ಬೊಬ್ಬರಾಗಿ ಕಡಿಮೆಯಾಗಿ, ಕೊನೆಗೆ ಅವನಿಗೇ ಅವನ ಮೇಲೆ ನಂಬಿಕೆ ಹೋಗುವ ಹೊತ್ತು ಬಂದಿತ್ತು.

ಲಾರಿ ಅವನ ಅಣ್ಣ ಹಬೀಬುಲ್ಲಾನದು. ಶ್ರೀನಗರದ ಆಚೆಯ ಕಂಗನ್ ಪೇಟೆಯಲ್ಲಿ ಅಣ್ಣನಿಗೆ ಅಂಗಡಿ. ಅಲ್ಲಿಂದ ಅಕ್ಕಿ, ಈರುಳ್ಳಿ, ಎಣ್ಣೆ ಡಬ್ಬಗಳನ್ನು ಹಿಮಬೆಟ್ಟಗಳ ನಡುವಿನ ಜೋಜಿಲಾ ದಾಟಿಸಿ ದ್ರಾಸಿನ ಅಂಗಡಿಗಳಿಗೆ ಮುಟ್ಟಿಸುವುದು ತಮ್ಮನ ಕೆಲಸ. ಎಷ್ಟೋ ವರ್ಷಗಳಿಂದ ಆ ಕಣಿವೆದಾರಿ ಅವನಿಗೆ ಮನೆಯ ಅಂಗಳದಂತಿತ್ತು. ಈ ಸಲ ಬೇಸಿಗೆ ಮುಗಿಯುವ ಹೊತ್ತಿಗೆ ಕಾಟ ಶುರುವಾಯಿತು. ಬಾಲ್ತಲ್ ಬಿಟ್ಟು ಏರು ಹತ್ತುವಾಗ ಎಂಜಿನ್ನಿನ ಬಲ ಇದ್ದಕ್ಕಿದ್ದಂತೆ ಇಂಗಿಹೋಗುವುದು, ಎರಡು ಸಲ ಕೆಮ್ಮಿದ ಹಾಗೆ ಮಾಡಿ ಆರಿಬಿಡುವುದು. ಸ್ವಲ್ಪ ಹೊತ್ತು ಕಾದು ಕೀಲಿ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಗುಡುಗುಡು ಎನ್ನುವುದು. ಒಮ್ಮೊಮ್ಮೆ ಇಡೀ ದಾರಿ ಸುಸೂತ್ರ. ಇನ್ನೊಮ್ಮೆ ಅದೇ ಏರಿನಲ್ಲಿ ಎರಡೆರಡು ಸಲ ಪ್ರಾಣ ಬಾಯಿಗೆ ತರುವುದು. ಕೆಳಗಿನ ಬಯಲು ದಾರಿಯಲ್ಲಂತೂ ಒಮ್ಮೆಯೂ ನಿಂತದ್ದಿಲ್ಲ.

ಕಂಗನ್ನಿನಲ್ಲಿ ಮಕ್ಬೂಲ್ ವಸ್ತಾದನ ಗ್ಯಾರೇಜು ಎಂದರೆ ಲಾರಿಯವರಿಗೆಲ್ಲ ಕೊನೆಯ ಮಾತು. ತಲೆ ನರೆತ ಮನುಷ್ಯ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವನು. ಅವನು ಫಿಲ್ಟರು ಬದಲಿಸಿದ, ಪೈಪುಗಳಲ್ಲಿನ ಗಾಳಿ ತೆಗೆದ, ನಾಝಲ್ ಬಿಚ್ಚಿ ನೋಡಿ ಮತ್ತೆ ಕೂರಿಸಿದ. ಲಾರಿಯನ್ನು ನಿಂತಲ್ಲೇ ಗಂಟೆಗಟ್ಟಲೆ ಓಡಿಸಿದ. ಖಾಲಿ ಲಾರಿಯನ್ನು ಶ್ರೀನಗರದವರೆಗೆ ಓಡಿಸಿಕೊಂಡು ಹೋಗಿ ಬಂದ. ಒಲೆಯ ಬದಿಯ ಬೆಕ್ಕಿನಂತೆ ಅದು ಗುರುಗುಟ್ಟುತ್ತಲೇ ಇತ್ತು, ನಿಲ್ಲಲಿಲ್ಲ.

ಆಮೇಲೆ ಒಂದು ದಿನ ಹಬೀಬುಲ್ಲಾನ ಅಂಗಡಿಯಲ್ಲಿ, ಗಿರಾಕಿಗಳೆಲ್ಲ ಕೇಳುವಂತೆ, ಮಕ್ಬೂಲ್ ತನಗೆ ತೋಚಿದ್ದನ್ನು ಹೇಳಿದ.

"ಗಾಡಿಯಲ್ಲಿ ಏನೂ ಇಲ್ಲ ಹಬೀಬ್. ಇರೋದು ಇವನ ಕಾಲಲ್ಲಿ. ಏರು ಬಂದ ಕೂಡ್ಲೇ ಆಕ್ಸಿಲರೇಟರ್ ಮೇಲಿಂದ ಕಾಲು ತಾನಾಗೇ ಎದ್ದುಬಿಡುತ್ತೆ. ಭಯ ಹೊಕ್ಕೋನಿಗೆ ತನ್ನ ಕಾಲು ಏನ್ ಮಾಡ್ತಿದೆ ಅಂತ ತನಗೇ ತಿಳಿಯಲ್ಲ."

ಯಾತರ ಭಯ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಹಿಂದಿನ ವರ್ಷ ಸೋನಾವುಲ್ಲಾನ ಗೆಳೆಯ ರಂಜಾನ್ ಡಾರ್‌ನ ಲಾರಿ ಕಣಿವೆಗೆ ಉರುಳಿದಾಗ ಅದರ ಬೆನ್ನಿಗೇ ಇದ್ದದ್ದು ಸೋನಾವುಲ್ಲಾನ ಲಾರಿ. ಕೆಳಗಿಳಿದು ರಂಜಾನನನ್ನು ಹೊತ್ತು ತಂದವರಲ್ಲಿ ಅವನೂ ಒಬ್ಬ. ಆಮೇಲೆ ಅವನು ಮಾತು ಕಡಿಮೆ ಮಾಡಿದ್ದು ನಿಜ. ಹಬೀಬುಲ್ಲಾ ತಕ್ಕಡಿಯಿಂದ ತಲೆ ಎತ್ತದೆ, "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ" ಎಂದ. ಕೂತವರು ನಕ್ಕರು. ಮುಂದಿನ ತಿಂಗಳಿಂದ ಚಿಕ್ಕಪ್ಪನ ಮಗ ಶಫಿ ಲಾರಿ ಹಿಡಿಯುವುದೆಂದೂ ಅವತ್ತೇ ಗೊತ್ತಾಯಿತು.

ಸೋನಾವುಲ್ಲಾ ಸಿಟ್ಟಾಗಲಿಲ್ಲ; ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಮಕ್ಬೂಲನ ಮಾತು ನಿಜವಿದ್ದರೂ ಇರಬಹುದೆಂದು ಒಳಗೊಳಗೆ ಕೊರೆಯತೊಡಗಿತು. ಊಟಕ್ಕೆ ಕೂತಾಗ ಹೆಂಡತಿ ಹಾಜ್ರಾ, ತಪ್ಪು ಗಾಡಿಯದೋ ನಿನ್ನದೋ, ನನ್ನ ಹತ್ತಿರವಾದರೂ ನಿಜ ಹೇಳು ಎಂದಳು. ಮಾರನೆಯ ದಿನ ಗ್ಯಾರೇಜಿಗೆ ಹೋಗಿ, ಅಲ್ಲಿದ್ದವರ ಎದುರಿಗೇ ಮಕ್ಬೂಲನಿಗೆ ಹೇಳಿದ: "ಒಂದು ಸಲ ನನ್ನ ಪಕ್ಕ ಕೂತು ಬನ್ನಿ ವಸ್ತಾದ್. ದಾರಿ ನೋಡಬೇಡಿ, ನನ್ನ ಕಾಲು ನೋಡಿ. ಕಾಲು ಎದ್ದರೆ ದ್ರಾಸಲ್ಲೇ ಕೀಲಿ ನಿಮ್ಮ ಕೈಗೆ ಕೊಡ್ತೀನಿ."

ಅಷ್ಟು ಜನರ ಮುಂದೆ ಇಲ್ಲವೆನ್ನಲು ಮಕ್ಬೂಲನಿಗೆ ಆಗಲಿಲ್ಲ. ಅವನು ಜೋಜಿಲಾ ಹತ್ತಿ ಬಹಳ ವರ್ಷಗಳಾಗಿದ್ದವು. ಅದನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ.

ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಈ ಕಾಟ ಶುರುವಾಗುವ ಮೊದಲೇ ಕ್ಲೀನರು ಕೆಲಸ ಬಿಟ್ಟು ಊರಿಗೆ ಹೋಗಿದ್ದರಿಂದ ಲಾರಿಯಲ್ಲಿ ಇವರಿಬ್ಬರೇ. ಆ ದಾರಿಯಲ್ಲಿ ಒಂದು ದಿನ ಏರುವ ಗಾಡಿಗಳು, ಮರುದಿನ ಇಳಿಯುವ ಗಾಡಿಗಳು; ಆ ದಿನ ಏರುವವುಗಳ ಸರದಿ. ಸೋನಮಾರ್ಗಿನಲ್ಲಿ ಸಾಲುಗಟ್ಟಿ ನಿಂತು, ಸಣ್ಣ ಗಾಡಿಗಳನ್ನೆಲ್ಲ ಬಿಟ್ಟ ಮೇಲೆ ಲಾರಿಗಳನ್ನು ಬಿಟ್ಟರು. ಸಾಲಿನಲ್ಲಿ ಇವರದು ಮುಂಚೂಣಿಯಲ್ಲೇ ಇತ್ತು. ದ್ರಾಸಿನ ಕಡೆಯ ಆಕಾಶ ಹಾಲು ಕಲಸಿದ ನೀರಿನಂತೆ ಬೆಳ್ಳಗಾಗಿತ್ತು. ಹಿಂದಿನ ಲಾರಿಯ ಪಂಜಾಬಿ ಡ್ರೈವರು ಜಗ್ಗಾ ಆ ಕಡೆ ಗಲ್ಲ ಎತ್ತಿ ತೋರಿಸಿ, ಇವತ್ತು ಬೇಗ ದಾಟಿದವನೇ ಜಾಣ ಎಂದಿದ್ದ.

ಬಾಲ್ತಲ್ ದಾಟುವ ತನಕ ಮಕ್ಬೂಲನ ಬಾಯಿ ಬಿಡುವಿಲ್ಲದೆ ನಡೆದಿತ್ತು. ತಾನು ಯಾವ ಯಾವ ಸತ್ತ ಎಂಜಿನ್ನುಗಳಿಗೆ ಜೀವ ಕೊಟ್ಟೆನೆಂಬ ಕತೆಗಳು. ದಾರಿ ಕಿರಿದಾಗಿ, ಅವನ ಕಿಟಕಿಯ ಕೆಳಗೆ ನೆಲವೇ ಇಲ್ಲವಾದಾಗ ಕತೆ ನಿಂತಿತು. ಒಂದು ಕೈ ಎದುರಿನ ಸರಳು ಹಿಡಿದಿತ್ತು. ಕಣ್ಣು ಮಾತ್ರ, ಹೇಳಿದ ಮಾತಿನಂತೆ, ಸೋನಾವುಲ್ಲಾನ ಬಲಗಾಲಿನ ಮೇಲಿತ್ತು. ಆಚೆ ನೋಡುವುದಕ್ಕಿಂತ ಕಾಲು ನೋಡುವುದೇ ಅವನಿಗೆ ಹಿತವಾಗಿದ್ದಿರಲೂ ಬಹುದು.

ಕಡಿದಾದ ಏರು ಶುರುವಾಗಿ ಸ್ವಲ್ಪ ಹೊತ್ತಾಗಿರಬೇಕು. ಎರಡನೇ ಗೇರಿನಲ್ಲಿ ಲಾರಿ ಹೊರೆ ಹೊತ್ತ ಎಮ್ಮೆಯಂತೆ ಹತ್ತುತ್ತಿತ್ತು. ಸೋನಾವುಲ್ಲಾನಿಗೆ ಅಂಗಾಲಿನಲ್ಲಿ ಮೊದಲು ತಿಳಿಯಿತು: ಒತ್ತಿದ ಆಕ್ಸಿಲರೇಟರಿಗೆ ಉತ್ತರ ಬರುತ್ತಿಲ್ಲ. ಅವನು ಇನ್ನಷ್ಟು ಒತ್ತಿದ. ಮೊದಲನೇ ಗೇರಿಗೆ ಇಳಿಸಿದ. ಎಂಜಿನ್ ಎರಡು ಸಲ ಕೆಮ್ಮಿತು. ಆಮೇಲೆ ಗಾಳಿಯ ಸದ್ದೊಂದೇ ಉಳಿಯಿತು.

ಬ್ರೇಕಿನ ಮೇಲೆ ತಡವರಿಸದೆ ಕಾಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಅವನು ಮಕ್ಬೂಲನ ಕಡೆ ತಿರುಗಿದ. ಮಕ್ಬೂಲ್ ಇನ್ನೂ ಆ ಕಾಲನ್ನೇ ನೋಡುತ್ತಿದ್ದ. ಆಕ್ಸಿಲರೇಟರು ನೆಲಕ್ಕೆ ತಾಗುವವರೆಗೆ ಅದುಮಿದ್ದನ್ನು ಅವನು ಕಂಡಿದ್ದ. ಅಲ್ಲಿ ದಾರಿ ತುಸು ಅಗಲವಿತ್ತು; ಅವನು ಕೆಳಗಿಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ನಿನ ಬದಿಗೆ ಹೋಗಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಹ್ಯಾಂಡ್ ಪಂಪಿನ ಗುಂಡಿ ಒತ್ತಿದ. ಒತ್ತಿದ ಗುಂಡಿ ಒಳಗೇ ಕಚ್ಚಿಕೊಂಡಿತು, ಮೇಲೇಳಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು, ಒಳಗೆ ಗಾಳಿ ಬಿಗಿದಿದೆಯೇ ಎಂದು ಕಿವಿಗೊಟ್ಟ, ಹಾಗೇನೂ ಇರಲಿಲ್ಲ. ಅಷ್ಟರಲ್ಲಿ ಗುಂಡಿ ತಾನಾಗಿ ಸಡಿಲವಾಗಿ ಡೀಸೆಲ್ ಬರತೊಡಗಿತು. ಸೋನಾವುಲ್ಲಾ ಕೀಲಿ ತಿರುಗಿಸಿದ. ಎಂಜಿನ್ ಹೊತ್ತಿಕೊಂಡಿತು.

"ಟ್ಯಾಂಕಿಂದ ಡೀಸೆಲ್ ಬರ್ತಿರಲಿಲ್ಲ. ಈಗ ಬರ್ತಿದೆ. ನಡಿ, ಮೇಲೆ ಹೋಗಿ ನೋಡೋಣ" ಎಂದ ಮಕ್ಬೂಲ್. ಏದುಸಿರು ಬಿಡುತ್ತಿದ್ದ. ಕಾಲಿನ ಮಾತು ಎತ್ತಲಿಲ್ಲ. ಸೋನಾವುಲ್ಲಾನಿಗೆ ಆ ಗಳಿಗೆ ಖುಷಿಯಾಗಬೇಕಿತ್ತು. ತನಗೆ ಹುಚ್ಚಲ್ಲ, ಹೇಡಿತನವೂ ಅಲ್ಲ, ಲಾರಿಗೇ ರೋಗ. ಆದರೆ ರೋಗ ಲಾರಿಯದೇ ಆದರೆ ಅದೇ ಲಾರಿಯಲ್ಲಿ ಇದಕ್ಕಿಂತ ಕೆಟ್ಟ ಏರು ಹತ್ತಬೇಕಿತ್ತು.

ಎರಡನೆಯ ಸಲ ಅದು ನಿಂತದ್ದು ಎಲ್ಲಿ ನಿಲ್ಲಬಾರದೋ ಅಲ್ಲೇ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಬರಿಯ ಬಯಲು ಗಾಳಿ; ಎರಡರ ನಡುವೆ ಒಂದು ಲಾರಿಗಷ್ಟೇ ಜಾಗ. ರಾತ್ರಿ ಬಿದ್ದು ಕರಗಿದ ಮಂಜಿನ ನೀರು ದಾರಿಯನ್ನು ಕೆಸರು ಮಾಡಿತ್ತು. ಎಂಜಿನ್ ಆರಿದ ಮೇಲೆ ಲಾರಿ ಒಂದು ಗೇಣಿನಷ್ಟು ಹಿಂದಕ್ಕೆ ಜಾರಿತು. ಮಕ್ಬೂಲನ ಬಾಯಿಂದ ಅಲ್ಲಾಹನ ಹೆಸರು ಬಂತು, ಅವನ ಕೈ ಬಾಗಿಲಿನ ಹಿಡಿಗೆ ಹೋಯಿತು.

"ಆ ಕಡೆ ಇಳೀಬೇಡಿ" ಎಂದ ಸೋನಾವುಲ್ಲಾ. ದನಿ ಏರಿಸಲಿಲ್ಲ. "ಆ ಕಡೆ ನೆಲ ಇಲ್ಲ. ನನ್ನ ಕಡೆಯಿಂದ ದಾಟಿ ಇಳಿದು, ಕಲ್ಲು ಹಾಕಿ. ನಾನು ಬ್ರೇಕ್ ಬಿಡಲ್ಲ."

ಮಕ್ಬೂಲ್ ಅವನ ಮಡಿಲ ಮೇಲಿಂದಲೇ ತೆವಳಿ ಇಳಿದ. ಗಾಳಿಯ ಒತ್ತಡ ತೋರಿಸುವ ಮುಳ್ಳು ನಿಧಾನವಾಗಿ ಕೆಳಗೆ ಬರುತ್ತಿತ್ತು. ಎಲ್ಲೋ ಸಣ್ಣಗೆ ಸೋರುತ್ತಿದೆ. ಗಾಳಿ ಖಾಲಿಯಾದರೆ ಕಾಲಿನ ಬ್ರೇಕ್ ಇಲ್ಲ, ಆ ಹೊರೆಗೆ ಹ್ಯಾಂಡ್‌ಬ್ರೇಕ್ ಸಾಲದು. ಸೋನಾವುಲ್ಲಾ ಮುಳ್ಳನ್ನು ನೋಡುತ್ತ, ಕಾಲನ್ನು ಅಲುಗಿಸದೆ ಕೂತ. ಹಿಂದಿನಿಂದ ಹಾರ್ನುಗಳ ಅಬ್ಬರ. ಜಗ್ಗಾ ಕಿಟಕಿಯಿಂದ ತಲೆ ಹಾಕಿ, "ಏ ಮಾವಾ, ಮಲಗೋಕೆ ಇದೇ ಜಾಗ ಬೇಕಾಗಿತ್ತಾ?" ಎಂದು ಕೂಗಿದ. ಕಲ್ಲು ಹೊರಲಾಗದೆ ಮುಗ್ಗರಿಸುತ್ತಿದ್ದ ಮಕ್ಬೂಲನನ್ನು ಕಂಡವನೇ ತಾನೂ ಇಳಿದು ಬಂದ. ಇಬ್ಬರೂ ಸೇರಿ ಚಕ್ರಗಳಿಗೆ ಕಲ್ಲು ಕೊಟ್ಟು, ಸರಿ ಎಂದು ಲಾರಿಯ ಮೈ ತಟ್ಟಿದ ಮೇಲೆಯೇ ಸೋನಾವುಲ್ಲಾ ಕಾಲೆತ್ತಿದ್ದು.

ಮೇಲಿನ ತಿರುವಿನಿಂದ ದಾರಿ ಕಾಯುವ ಸೇನೆಯ ಸುಬೇದಾರ ಇಬ್ಬರು ಜವಾನರೊಂದಿಗೆ ನಡೆದು ಬಂದ. ಗಡ್ವಾಲದವನು, ಸೌಮ್ಯ ಮನುಷ್ಯ. ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮೇಲೆ ಹಿಮ ಬೀಳೋಕೆ ಶುರುವಾಗಿದೆ. ಹಿಂದಿರೋ ಲಾರಿಗಳೆಲ್ಲ ಬೆಳಕಿರೋವಾಗ್ಲೇ ದಾಟಬೇಕು, ಒಂದರಲ್ಲಿ ಬಸುರಿ ಹೆಂಗಸೂ ಇದ್ದಾಳಂತೆ. ಮೇಲಿಂದ ಬುಲ್‌ಡೋಜರ್ ಇಳಿದು ಬರ್ತಿದೆ. ಅದು ಬರೋದ್ರೊಳಗೆ ಗಾಡಿ ಹೊರಟರೆ ಸರಿ ಡ್ರೈವರ್ ಸಾಹೇಬ್. ಇಲ್ಲಾಂದ್ರೆ ನಿಮ್ಮ ಹಾಸಿಗೆ, ಕಾಗದ ಪತ್ರ ಇಳಿಸ್ಕೊಳ್ಳಿ."

ಡೋಜರ್ ಬಂದು ಏನು ಮಾಡುತ್ತದೆ ಎಂಬುದನ್ನು ಅವನು ಬಿಡಿಸಿ ಹೇಳಲಿಲ್ಲ. ಅದನ್ನು ಹೇಳಬೇಕಾಗಿಯೂ ಇರಲಿಲ್ಲ. ದಾರಿ ಕಟ್ಟಿದ ಲಾರಿಗೆ ಅಲ್ಲಿ ಹೋಗಲು ಒಂದೇ ಕಡೆ ಇತ್ತು.

ಮಕ್ಬೂಲ್ ಎಂಜಿನ್ನಿನ ಬಳಿ ಮಂಡಿಯೂರಿದ್ದ. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ. ಹ್ಯಾಂಡ್ ಪಂಪು ಮತ್ತೆ ಕಚ್ಚಿಕೊಂಡಿದೆ ಎಂದ. ಫಿಲ್ಟರ್ ಬಿಚ್ಚುತ್ತೇನೆ ಎಂದ. ಅಲ್ಲ, ಪಂಪನ್ನೇ ಬಿಚ್ಚಬೇಕು ಎಂದ. ಗ್ಯಾರೇಜಿನಲ್ಲಿ ಎಂಜಿನ್ನುಗಳ ಮುಂದೆ ಕಾಲು ಚಾಚಿ ಕೂತು ಚಹಾ ಕುಡಿಯುತ್ತ ಅಪ್ಪಣೆ ಕೊಡುವ ಮನುಷ್ಯ, ಈಗ ಯಾವ ನಟ್ಟಿಗೆ ಕೈ ಹಾಕಬೇಕೆಂದು ತಿಳಿಯದೆ ಎರಡರ ನಡುವೆ ಪಾನಾ ಆಡಿಸುತ್ತಿದ್ದ. ಸೋನಾವುಲ್ಲಾ ಅವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ.

"ವಸ್ತಾದ್, ಕಣಿವೆ ಕಡೆ ನೋಡಬೇಡಿ. ನನ್ನನ್ನ ನೋಡಿ. ಇದು ನಿಮ್ಮ ಗ್ಯಾರೇಜು, ನಾನು ಗಿರಾಕಿ. ಹೇಳ್ತೀನಿ ಕೇಳಿ. ಬಯಲಲ್ಲಿ ನಿಲ್ಲಲ್ಲ. ಖಾಲಿ ಗಾಡಿ ನಿಲ್ಲಲ್ಲ. ಭಾರ ಹೊತ್ತು ತುಂಬಾ ಹೊತ್ತು ಏರಿದರೆ ಮಾತ್ರ ನಿಲ್ಲುತ್ತೆ. ನಿಂತು ಸುಮ್ಮನಿದ್ದರೆ ತಾನೇ ಸರಿಹೋಗುತ್ತೆ. ಇದು ಯಾವ ರೋಗ?"

ಮಕ್ಬೂಲ್ ಅವನ ಮುಖ ನೋಡಿದ. ಉಸಿರು ಸ್ವಲ್ಪ ಸ್ತಿಮಿತಕ್ಕೆ ಬಂತು.

"ಏರಿನಲ್ಲಿ ಎಂಜಿನ್ ಜಾಸ್ತಿ ಎಳೆಯುತ್ತೆ" ಎಂದ, ತನಗೇ ಹೇಳಿಕೊಳ್ಳುವಂತೆ. "ಜಾಸ್ತಿ ಎಳೆದಾಗ ಏನೋ ಬಂದು ಮುಚ್ಚಿಕೊಳ್ಳುತ್ತೆ. ಎಳೆಯೋದು ನಿಂತಾಗ ಬಿಟ್ಟು ಬೀಳುತ್ತೆ." ಪಾನಾ ಈಗ ನೇರವಾಗಿ ಒಂದೇ ನಟ್ಟಿಗೆ ಹೋಯಿತು. ಟ್ಯಾಂಕಿನಿಂದ ಬರುವ ಪೈಪನ್ನು ಪಂಪಿನ ಬುಡದಲ್ಲಿ ಬಿಚ್ಚಿ ಬಾಯಿಗಿಟ್ಟು ಊದಿದ. ಆ ಎತ್ತರದಲ್ಲಿ ಊದಲು ಅವನಿಗೆ ಉಸಿರೇ ಇರಲಿಲ್ಲ. ಕೆಮ್ಮಿ ಕಣ್ಣಲ್ಲಿ ನೀರು ಬಂತು. ಸೋನಾವುಲ್ಲಾ ಪೈಪು ಕಸಿದುಕೊಂಡು ಊದಿದ. ಮೊದಲು ಗೋಡೆಗೆ ಊದಿದಂತೆ ಗಟ್ಟಿ. ಕೆನ್ನೆ ಬಿರಿಯುವಂತೆ ಊದಿದಾಗ ಒಮ್ಮೆಲೇ ತಡೆ ಬಿಟ್ಟು, ಟ್ಯಾಂಕಿನೊಳಗೆ ಗುಳುಗುಳು ಸದ್ದು. ಈಗ ಎಳೆ ಎಂದ ಮಕ್ಬೂಲ್. ಎಳೆದ. ಬಾಯಿಗೆ ಡೀಸೆಲ್ ಬಂತು. ಜೋರಾಗಿ ಎಳೆದಾಗ ಫಕ್ಕನೆ ಮತ್ತೆ ಕಚ್ಚಿಕೊಂಡಿತು.

"ಟ್ಯಾಂಕಲ್ಲಿ ಏನೋ ಬಿದ್ದಿದೆ" ಎಂದ ಮಕ್ಬೂಲ್. "ತೆಳ್ಳಗಿರೋದು. ಪೈಪಿನ ಬಾಯಿಗೆ ಬಂದು ಕೂತ್ಕೊಳ್ಳುತ್ತೆ."

ಅದನ್ನು ಅಲ್ಲಿ ಹುಡುಕುತ್ತ ಕೂರುವಂತಿರಲಿಲ್ಲ. ಟ್ಯಾಂಕು ಮುಕ್ಕಾಲು ತುಂಬಿತ್ತು, ಒಳಪೈಪಿನ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಮೇಲಿನ ತಿರುವಿನಾಚೆ ಡೋಜರಿನ ಸದ್ದು ಆಗಲೇ ಕೇಳಿಸುತ್ತಿತ್ತು. ಹೀಗೇ ಊದಿ ಹೊರಟರೆ ಅದು ಇನ್ನೆಲ್ಲಿ ಮುಚ್ಚಿಕೊಳ್ಳುವುದೋ. ಆಗ ಇಬ್ಬರಿಗೂ ಒಟ್ಟಿಗೆ ಹೊಳೆದದ್ದು ಸೀಟಿನ ಹಿಂದಿದ್ದ ಡೀಸೆಲ್ ಕ್ಯಾನು. ಹಬೀಬುಲ್ಲಾ ಮನೆಯಿಂದ ತುಂಬಿಸಿ ಕಳಿಸುತ್ತಿದ್ದ ಕ್ಯಾನು ಅದು. ಸೋನಾವುಲ್ಲಾ ಮುಚ್ಚಳ ತಿರುಗಿಸಿ, ಸೋರದಂತೆ ಅದರಡಿ ಇಟ್ಟಿದ್ದ ನೀಲಿ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತೆಸೆದ. ಜಗ್ಗಾ ತನ್ನ ಲಾರಿಯಿಂದ ಒಂದು ರಬ್ಬರ್ ಪೈಪು ತಂದುಕೊಟ್ಟ. ಅದರ ಒಂದು ತುದಿಯನ್ನು ಪಂಪಿಗೆ ಬಿಗಿದು, ಇನ್ನೊಂದನ್ನು ಕ್ಯಾಬಿನ್ನಿನ ಒಳಗಿನ ಎಂಜಿನ್ ಮುಚ್ಚಳದ ಸಂದಿಯಿಂದ ಮೇಲಕ್ಕೆ ತಂದು ಕ್ಯಾನಿಗೆ ಇಳಿಬಿಟ್ಟರು. ಟ್ಯಾಂಕಿನ ಹಂಗೇ ಇಲ್ಲ. ಆದರೆ ಕ್ಯಾನನ್ನು ಯಾರಾದರೂ ತೊಡೆಗಳ ನಡುವೆ ಹಿಡಿದು ಕೂರಬೇಕು. ಪೈಪಿನ ತುದಿ ಡೀಸೆಲಿನಿಂದ ಮೇಲೆದ್ದು ಒಮ್ಮೆ ಗಾಳಿ ಎಳೆದರೆ ಮುಗಿಯಿತು.

ಸುಬೇದಾರ ಮಕ್ಬೂಲನಿಗೆ, ಬೇಕಾದರೆ ನೀವು ನಡೆದು ಬನ್ನಿ ಚಾಚಾ, ಒಬ್ಬ ಜವಾನ ಕೂರುತ್ತಾನೆ ಎಂದ. ಮಕ್ಬೂಲ್ ಆ ಬಿಳಿ ಆಕಾಶವನ್ನೂ ಕೆಸರಿನ ದಾರಿಯನ್ನೂ ನೋಡಿದ. "ಇಲ್ಲ ಸಾಬ್. ಪೈಪು ಹಿಡಿಯೋದು ನನ್ನ ಕೆಲಸ" ಎಂದವನೇ, ಸೋನಾವುಲ್ಲಾನ ಸೀಟಿನ ಮೇಲಿಂದ ದಾಟಿ ತನ್ನ ಜಾಗಕ್ಕೆ ಹೋಗಿ ಕೂತ.

ಹ್ಯಾಂಡ್ ಪಂಪಿನಿಂದ ಗಾಳಿ ತೆಗೆದು ಕೀಲಿ ತಿರುಗಿಸಿದಾಗ ಎಂಜಿನ್ ಮೂರನೆಯ ಸುತ್ತಿಗೆ ಹೊತ್ತಿಕೊಂಡಿತು. ಗಾಳಿಯ ಮುಳ್ಳು ಮೇಲೇರುವ ತನಕ ಕಾಯಲೇಬೇಕಿತ್ತು. ಡೋಜರಿನ ಹಳದಿ ಮೂತಿ ತಿರುವಿನಲ್ಲಿ ಕಾಣಿಸಿಕೊಂಡು ನಿಂತಿತು. ಮುಳ್ಳು ಏರಿತು. ಸೋನಾವುಲ್ಲಾ ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಟ್ಟ. ಹಿಂದಿನ ಚಕ್ರ ಕೆಸರಿನಲ್ಲಿ ಒಮ್ಮೆ ಸುಳ್ಳೇ ತಿರುಗಿ, ಕಲ್ಲು ಕಚ್ಚಿ, ಲಾರಿ ಮುಂದಕ್ಕೆ ಜಗ್ಗಿತು. ಡೋಜರು ಹಿಂದಕ್ಕೆ ಸರಿದು ದಾರಿ ಬಿಟ್ಟಿತು.

ಆಮೇಲಿನ ಏರು ಅವನ ಜೀವಮಾನದಲ್ಲೇ ಉದ್ದವಾದ ಏರು. ಎಂಜಿನ್ ಕುಡಿಯುವುದಕ್ಕಿಂತ ಹೆಚ್ಚಿನ ಡೀಸೆಲ್ ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ಹರಿದುಹೋಗುತ್ತಿತ್ತು. ಅದನ್ನು ಅವಸರದಲ್ಲಿ ಇಬ್ಬರೂ ಮರೆತಿದ್ದರು. ಕ್ಯಾನು ಕಣ್ಣೆದುರೇ ಇಳಿಯತೊಡಗಿತು.

"ಅರ್ಧ ಆಯ್ತು" ಎಂದ ಮಕ್ಬೂಲ್. ಸ್ವಲ್ಪ ಹೊತ್ತಿನ ಮೇಲೆ, "ಅರ್ಧಕ್ಕಿಂತ ಕೆಳಗೆ ಹೋಯ್ತು ಸೋನಾ. ಇನ್ನೆಷ್ಟು ದೂರ?"

"ಮೂರು ತಿರುವು. ಪೈಪಿನ ತುದಿ ನೋಡ್ತಿರಿ."

ಗಾಜಿನ ಮೇಲೆ ಹಿಮದ ಹಳುಕುಗಳು ಬಡಿಯುತ್ತಿದ್ದವು. ವೇಗ ಹೆಚ್ಚಿಸಿದರೆ ಚಕ್ರ ಜಾರುವುದು, ಇಳಿಸಿದರೆ ಕ್ಯಾನು ಸಾಲದು. ಸೋನಾವುಲ್ಲಾ ಒಂದೇ ಹದದಲ್ಲಿ ಆಕ್ಸಿಲರೇಟರು ಒತ್ತಿ ಹಿಡಿದ. ಅಂಗಿ ಬೆನ್ನಿಗೆ ಅಂಟಿತ್ತು. ಮಕ್ಬೂಲ್ ಈಗ ಕಿಟಕಿಯಾಚೆ ನೋಡುವುದನ್ನೂ ಹೆದರುವುದನ್ನೂ ಬಿಟ್ಟು ಕ್ಯಾನಿನೊಳಗೆ ಕಣ್ಣು ನೆಟ್ಟಿದ್ದ. ತಳದಲ್ಲಿ ಉಳಿದದ್ದು ಒಂದು ಮೂಲೆಗೆ ಸೇರುವಂತೆ ಕ್ಯಾನನ್ನು ಎದೆಗವಚಿ ಓರೆ ಮಾಡಿ ಹಿಡಿದ. ಡೀಸೆಲ್ ಚೆಲ್ಲಿ ಅವನ ಉದ್ದನೆಯ ಉಣ್ಣೆಯ ನಿಲುವಂಗಿ, ಫಿರನ್, ತೊಯ್ದು ಹೋಗಿತ್ತು.

ಕೊನೆಯ ತಿರುವು ಮುಗಿದು ದಾರಿ ಮಟ್ಟಸವಾಯಿತು. ಗುಮ್ರಿಯ ಬಯಲು ಬಂತು. ಸೋನಾವುಲ್ಲಾ ಲಾರಿಯನ್ನು ಬದಿಗೆ ತೆಗೆದು ಬ್ರೇಕ್ ಎಳೆದ ಮೇಲೆ, ಪೈಪು ಸೊರ್‍ರೆಂದು ಗಾಳಿ ಎಳೆದು, ಎಂಜಿನ್ ತಾನಾಗಿ ನಿಂತಿತು. ಹಿಂದಿನ ಲಾರಿಗಳು ಒಂದೊಂದಾಗಿ ದಾಟಿ ಹೋದವು. ಜಗ್ಗಾ ಮಾತ್ರ ನಿಲ್ಲಿಸಿ, ತನ್ನ ಪೈಪು ವಾಪಸ್ ಬೇಕೆಂದು ನೆಪ ಹೇಳಿ, ಕೆಲಸ ಮುಗಿಯುವ ತನಕ ಜೊತೆಗಿದ್ದ.

ಒಳಪೈಪು ಬಿಚ್ಚಿ, ಟ್ಯಾಂಕಿಗೆ ಕೊಕ್ಕೆ ಮಾಡಿದ ತಂತಿ ಇಳಿಸಿ ಮಕ್ಬೂಲ್ ಬಹಳ ಹೊತ್ತು ತಡಕಾಡಿದ. ಕೊನೆಗೆ ಮೇಲೆ ಬಂದದ್ದು ಅಂಗೈಯಗಲದ ನೀಲಿ ಪ್ಲಾಸ್ಟಿಕ್ ಹಾಳೆ. ಕ್ಯಾನಿನ ಬಾಯಿಯ ಗುರುತು ಇನ್ನೂ ಅದರ ಮೇಲೆ ಉಂಗುರದಂತೆ ಮೂಡಿತ್ತು. ಯಾವತ್ತೋ ಕ್ಯಾನಿನಿಂದ ಟ್ಯಾಂಕಿಗೆ ಸುರಿಯುವಾಗ ಜಾರಿ ಬಿದ್ದದ್ದು. ಈದ್ ಹಬ್ಬದ ದಿನಗಳಲ್ಲಿ ಲಾರಿ ಮನೆಯ ಮುಂದೆ ನಿಂತಿದ್ದಾಗ ಕ್ಯಾನು ಎತ್ತಿ ಸುರಿದವನು ಹಬೀಬುಲ್ಲಾ. ಅದು ಸೋನಾವುಲ್ಲಾನಿಗೆ ಚೆನ್ನಾಗಿ ನೆನಪಿತ್ತು.

ದಾರಿಯಲ್ಲಿ ಮಟಾಯನ್ ಹಳ್ಳಿಯ ಚಹಾದಂಗಡಿಯಲ್ಲಿ ಉಪ್ಪು ಚಹಾಕ್ಕೆ ರೊಟ್ಟಿ ಅದ್ದಿಕೊಂಡು ತಿನ್ನುವಾಗ ಮಕ್ಬೂಲ್ ಆ ಹಾಳೆಯನ್ನು ಜೇಬಿನಿಂದ ತೆಗೆದು ಒಲೆಗೆ ಹಾಕಿಬಿಟ್ಟ. ಸೋನಾವುಲ್ಲಾ ಕೈ ಚಾಚುವಷ್ಟರಲ್ಲಿ ಅದು ಮುರುಟಿ ಹೋಗಿತ್ತು. ಅವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಡೀ ದಿನ ಬಾರದಿದ್ದ ಸಿಟ್ಟು.

"ಅದನ್ನ ಯಾಕೆ ಸುಟ್ಟಿರಿ? ಅಣ್ಣನ ಅಂಗಡೀಲಿ ತಕ್ಕಡಿ ಮೇಲೆ ಇಡಬೇಕಾಗಿತ್ತು ಅದನ್ನ."

"ಗೊತ್ತು. ಅದಕ್ಕೇ ಸುಟ್ಟೆ" ಎಂದ ಮಕ್ಬೂಲ್. "ನಿಮ್ಮಣ್ಣ ಬೇಕಂತ ಹಾಕಿದ್ದಲ್ಲ. ನಿನ್ನ ಕಾಲಿಗೆ ಹೆಸರಿಟ್ಟೋನು ನಾನು. ಬೈಯೋದಿದ್ದರೆ ನನ್ನನ್ನ ಬೈ."

ಸೋನಾವುಲ್ಲಾ ಬೈಯಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ. ಚಹಾ ಅರ್ಧಕ್ಕೇ ಬಿಟ್ಟು ಲಾರಿಯ ಕಡೆ ಎದ್ದು ಹೋದ.

ದ್ರಾಸಿನಲ್ಲಿ ಫೋನು ಸಿಕ್ಕಿತು. ಮಕ್ಬೂಲನೇ ಹಬೀಬುಲ್ಲಾನಿಗೆ ಮಾಡಿದ. ಗಾಡಿ ನಿಂತದ್ದು ನಿಜ, ಎರಡು ಸಲ ನನ್ನ ಕಣ್ಣೆದುರೇ ನಿಂತಿತು, ಇವನ ಜಾಗದಲ್ಲಿ ಬೇರೆ ಯಾರಿದ್ದರೂ ನಾವಿಬ್ಬರೂ ಇವತ್ತು ಕಣಿವೆಯಲ್ಲಿರುತ್ತಿದ್ದೆವು ಎಂದ. ಟ್ಯಾಂಕಿನಲ್ಲಿ ಕಸ ಇತ್ತು ಎಂದಷ್ಟೇ ಹೇಳಿ ಫೋನನ್ನು ಸೋನಾವುಲ್ಲಾನ ಕೈಗೆ ಕೊಟ್ಟ.

ಆ ಕಡೆಯಿಂದ ಅಣ್ಣ ಮೊದಲು ಪೆಟ್ಟೇನಾದರೂ ಆಯಿತಾ ಎಂದು ಕೇಳಿದ. ಇಲ್ಲವೆಂದ ಮೇಲೆ, ಶಫಿಗೆ ಆಗಲೇ ಮಾತು ಕೊಟ್ಟುಬಿಟ್ಟಿದ್ದೇನೆ, ಅವನು ಹಳೆಯ ಕೆಲಸವನ್ನೂ ಬಿಟ್ಟಿದ್ದಾನೆ, ಈಗ ಬೇಡ ಎಂದರೆ ಚಿಕ್ಕಪ್ಪ ಏನೆಂದುಕೊಂಡಾರು ಎಂದ. ಅವನ ದನಿಯಲ್ಲಿ ತಕ್ಕಡಿಯ ಮುಂದಿನ ಗತ್ತು ಇರಲಿಲ್ಲ.

ಸೋನಾವುಲ್ಲಾ ಹೊರಗೆ ನೋಡಿದ. ಹಮಾಲಿಗಳು ತಾಡಪಾಲು ಬಿಚ್ಚಿ ಈರುಳ್ಳಿ ಚೀಲ ಇಳಿಸತೊಡಗಿದ್ದರು.

"ಬರಲಿ ಭಾಯ್‌ಜಾನ್. ಬೇಡ ಅನ್ನಬೇಡಿ" ಎಂದ. "ಹಿಮ ಬಿದ್ದು ದಾರಿ ಮುಚ್ಚೋವರೆಗೆ ನನ್ನ ಪಕ್ಕ ಕೂತು ಏರು ಕಲೀಲಿ. ಸ್ಟೀರಿಂಗ್ ಯಾವಾಗ ಕೊಡಬೇಕು ಅಂತ ನಾನು ಹೇಳ್ತೀನಿ. ಅದನ್ನ ಅಂಗಡೀಲಿ ಕೂತು ಯಾರೂ ಹೇಳೋದು ಬೇಡ."

ಆಗಲಿ ಎಂದ ಅಣ್ಣ. ಸೋನಾವುಲ್ಲಾ ಫೋನಿಟ್ಟು, ಒದ್ದೆ ಫಿರನ್ನಿನಲ್ಲಿ ನಡುಗುತ್ತಿದ್ದ ಮಕ್ಬೂಲನಿಗೆ ತನ್ನ ಕಂಬಳಿ ತೆಗೆದು ಕೊಟ್ಟು, ಚೀಲ ಇಳಿಸುವವರ ಕಡೆ ನಡೆದ.